ಎತ್ತೊಂದು, ಹೋರಿಯೊಂದು

ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಊರವರೆಲ್ಲ ಹೇಳುತ್ತಾರೆ. ಸುಳ್ಳಲ್ಲ. ಆದರೆ ಐವತ್ತು ದಾಟಿದ ಹೆಂಗಸು ಎಂಟು ಸಿಲಿಂಡರಿನ ಕಾರು ಕೊಳ್ಳುತ್ತೇನೆ ಅಂದಾಗ ಜನ ಆಡುವ ಮಾತು ಕೇಳಿದ್ದರೆ ನಿಮಗೂ ಸಿಟ್ಟು ಬರುತ್ತಿತ್ತು. ಶಿರಾಳಕೊಪ್ಪದಲ್ಲಿ ನನ್ನದು ಮೆಕ್ಕೆಜೋಳದ ವ್ಯಾಪಾರ. ಲಾರಿ ರಿವರ್ಸ್ ತೆಗೆಯಲು ಡ್ರೈವರ್ ತಡಬಡಿಸಿದರೆ ಅವನನ್ನು ಕೆಳಗಿಳಿಸಿ ನಾನೇ ತೆಗೆದು ನಿಲ್ಲಿಸಿದವಳು. ಆಗ ಭೇಷ್ ಅಂದ ಬಾಯಿಗಳೇ ಈಗ, ಈ ವಯಸ್ಸಿನಾಗ ರೇಸ್ ಕಾರು ಯಾಕ್ರೀ ಅಕ್ಕಾರ ಎಂದು ಕೇಳಿದವು. ಈ ವಯಸ್ಸಿನಲ್ಲಲ್ಲದೆ ಇನ್ಯಾವಾಗ, ಚಟ್ಟ ಏರಿದ ಮೇಲೆಯೇ?

ಶಿವಮೊಗ್ಗದಲ್ಲಿ ಸೆಕೆಂಡ್ ಹ್ಯಾಂಡ್ ಕಾರು ಮಾರುವ ಅಂಗಡಿಯೊಂದರಲ್ಲಿ ಎರಡು ನೋಡಿಟ್ಟಿದ್ದೆ. ಒಂದೇ ಕಂಪನಿ, ಒಂದೇ ಎಂಜಿನ್, ಗುಣ ಮಾತ್ರ ಬೇರೆ. ಕೆಂಪಿನದು ರೇಸ್ ಟ್ರ್ಯಾಕಿಗೆಂದೇ ತಯಾರಾದದ್ದು. ನೆಲಕ್ಕೆ ಅಂಟಿಕೊಂಡಂತೆ ಕೂತಿತ್ತು. ಸೀಟು ಕಲ್ಲು. ಗೇರು ಕೈಯಲ್ಲೇ ಹಾಕಬೇಕು, ಕ್ಲಚ್ಚು ತುಳಿದರೆ ಮೊಣಕಾಲು ನೆನಪಾಗುತ್ತಿತ್ತು. ಬೂದು ಬಣ್ಣದ್ದು ಓಟದಲ್ಲಿ ಅದಕ್ಕೇನೂ ಕಡಿಮೆಯಿಲ್ಲ, ಆದರೆ ಮೆತ್ತಗಿನ ಸೀಟು, ತಾನೇ ಬದಲಾಗುವ ಗೇರು, ಒಳಗೆ ಕೂತರೆ ಹೊರಗಿನ ಗುಂಡಿ ಗೊತ್ತೇ ಆಗುವುದಿಲ್ಲ. ಎರಡನ್ನೂ ಓಡಿಸಿ ನೋಡಿದೆ. ಬೂದು ಕಾರಿನಿಂದ ಇಳಿದಾಗ ಚೆನ್ನಾಗಿದೆ ಅನ್ನಿಸಿತು. ಕೆಂಪಿನದರಿಂದ ಇಳಿದಾಗ ಮೈಯೆಲ್ಲ ನಗುತ್ತಿತ್ತು.

ತೊಡಕು ಇದ್ದದ್ದು ಅಪ್ಪನ ಸೊಂಟದಲ್ಲಿ. ಅಪ್ಪ ನಮ್ಮ ಜೊತೆಗೇ, ಶಿಕಾರಿಪುರದ ಮನೆಯಲ್ಲಿ ಇರುತ್ತಾರೆ. ಅವರು ಹೋರಿ ಸಾಕಿದವರು. ನಮ್ಮ ಕಡೆ ದೀಪಾವಳಿಗೆ ಹೋರಿ ಹಬ್ಬ. ಕೊರಳಿಗೆ ಕೊಬ್ಬರಿ ಹಾರ ಕಟ್ಟಿ ಹೋರಿಯನ್ನು ಜನರ ನಡುವೆ ಓಡಲು ಬಿಡುತ್ತಾರೆ. ಹುಡುಗರು ಮೇಲೆ ಬಿದ್ದು ಕೊಬ್ಬರಿ ಹರಿಯಲು ನೋಡುತ್ತಾರೆ. ಹರಿಯಗೊಡದೆ ಓಡಿದ ಹೋರಿಗೆ ಹೆಸರು, ಅದರ ಯಜಮಾನನಿಗೆ ಮೀಸೆ. ಅಂಥದ್ದೇ ಒಂದು ಓಟದಲ್ಲಿ ಬೇರೆಯವರ ಹೋರಿ ಹಾಯ್ದು ಅಪ್ಪನ ಸೊಂಟ ಮುರಿಯಿತು. ಇವತ್ತಿಗೂ ತಿಂಗಳಿಗೊಮ್ಮೆ ಶಿವಮೊಗ್ಗದ ಆಸ್ಪತ್ರೆಗೆ ಹೋಗಬೇಕು. ಕರೆದೊಯ್ಯುವವಳು ನಾನು, ನಮ್ಮ ಹಳೇ ಎತ್ತರದ ಜೀಪಿನಲ್ಲಿ. ಗಾಡಿ ನಿಲ್ಲಿಸಲು ಮನೆಯಲ್ಲಿ ಇರುವುದು ಒಂದೇ ಶೆಡ್ಡು. ಹೊಸದು ಬರಬೇಕಾದರೆ ಜೀಪು ಹೋಗಬೇಕು. ಕೆಂಪಿನದು ಬಂದರೆ ಅಪ್ಪ ಅದರೊಳಗೆ ಕೂರುವುದು ಹೇಗೆ?

ಪಕ್ಕದಲ್ಲೇ ಹೋರಿ ಕಟ್ಟುತ್ತಿದ್ದ ಕೊಟ್ಟಿಗೆ ಖಾಲಿ ಬಿದ್ದಿತ್ತು. ಆದರೆ ಅದರ ಮಾತು ಎತ್ತುವ ಹಾಗಿರಲಿಲ್ಲ. ಹೋರಿ ಸತ್ತ ಮೇಲೆ ಅಪ್ಪ ಅದಕ್ಕೆ ಚಿಲಕ ಹಾಕಿದ್ದರು. ಒಂದು ಮಳೆಗಾಲದಲ್ಲಿ ಜೋಳದ ಚೀಲ ಇಡುತ್ತೇನೆ ಅಂದದ್ದಕ್ಕೆ ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದರು.

ನನ್ನ ಗಂಡ ಕುಬಟೂರಿನ ಕಡೆಯವರು, ರಿಟೈರಾದ ಮೇಷ್ಟ್ರು, ಬೆಣ್ಣೆಯಂಥ ಮನುಷ್ಯ. "ಬೂದಿದೇ ತಗಳೇ ಮಾರಾಯ್ತಿ, ಮಾವಂಗೂ ಅನುಕೂಲ ಆಗ್ತದೆ" ಅಂದರು. ಅವರು ಹೇಳಿದ್ದು ಸರಿಯೇ ಇತ್ತು, ಅದಕ್ಕೇ ನನಗೆ ಮೈ ಉರಿಯಿತು. ಸರಿ ಅನ್ನುವುದನ್ನೇ ಮಾಡುತ್ತ ಬಂದಿದ್ದೇನೆ. ಚಿಕ್ಕವಳಿದ್ದಾಗ ಹೋರಿಗೆ ಮೈ ತೊಳೆದವಳು ನಾನು, ಕೋಡಿಗೆ ಬಣ್ಣ ಹಚ್ಚಿದವಳು ನಾನು. ಓಡಿಸುವ ದಿನ ಮಾತ್ರ ಹೆಣ್ಣುಮಕ್ಕಳು ಮಾಳಿಗೆ ಮೇಲೆ. ಅಲ್ಲಿಂದ ಧೂಳು ಕಾಣುತ್ತಿತ್ತು, ಹೋರಿ ಕಾಣುತ್ತಿರಲಿಲ್ಲ.

ಮುಂದಿನ ಸಲ ಆಸ್ಪತ್ರೆ ಮುಗಿಸಿಕೊಂಡು ಅಪ್ಪನನ್ನು ಅಂಗಡಿಗೇ ಕರೆದೊಯ್ದೆ. ಅಪ್ಪ ಕಾರು ನೋಡಿದ್ದು ಹೋರಿ ನೋಡುವ ಹಾಗೆ. ಮುಂದೆ ನಿಂತು ಮುಖ ನೋಡಿದರು, ಸುತ್ತ ಬಂದರು, ಹಿಂದಿನ ಚಕ್ರದ ಮೇಲೆ ಅಂಗೈ ಇಟ್ಟು ತಟ್ಟಿದರು. ಹಲ್ಲು ಎಣಿಸುವುದೊಂದು ಬಾಕಿ ಇತ್ತು. ಬೂದು ಕಾರಿನಲ್ಲಿ ಹಾಯಾಗಿ ಕೂತು ಎದ್ದರು. ಕೆಂಪಿನದರಲ್ಲೂ ಕೂರುತ್ತೇನೆ ಅಂದರು. ಬೇಡ ಅಂದರೂ ಕೇಳಲಿಲ್ಲ. ಕೂತದ್ದೇನೋ ಆಯಿತು, ಎಬ್ಬಿಸಲು ನಾನೂ ಅಂಗಡಿಯವನೂ ಸೇರಿ ಹೆಣಗಬೇಕಾಯಿತು. ನೋವಿಗೆ ಅಪ್ಪನ ಕಣ್ಣಲ್ಲಿ ನೀರು ಬಂದಿತ್ತು. ಅಲ್ಲಿಗೆ ತೀರ್ಮಾನವಾಯಿತು ಅಂದುಕೊಂಡೆ.

ವಾಪಸು ಬರುವಾಗ ಜೀಪಿನಲ್ಲಿ ಅಪ್ಪ ಯಾವುದು ತಗೋತಿ ಎಂದು ಕೇಳಿದರು. ಬೂದಿದು, ನಿನಗೆ ಅನುಕೂಲ ಅಂದೆ. ನನ್ನ ದನಿ ನನಗೇ ಒರಟಾಗಿ ಕೇಳಿಸಿತು.

"ನನ್ನ ಹೆಸರು ಹೇಳಬ್ಯಾಡ," ಅಂದರು. "ಅದು ಅತ್ಲಾಗ ಎತ್ತೂ ಅಲ್ಲ, ಇತ್ಲಾಗ ಹೋರಿನೂ ಅಲ್ಲ."

ಕೂತಿದ್ದ ಜೀಪಿನ ಸೀಟನ್ನು ಒಮ್ಮೆ ತಟ್ಟಿ ಅಪ್ಪ ಮುಂದುವರಿಸಿದರು.

"ಹೋರಿ ಇದ್ದಷ್ಟು ದಿನ ನಿಮ್ಮವ್ವ ಹುಲ್ಲು ಕೊಯ್ದು ಹಾಕಿದ್ಲು. ಗಾಡಿಗೂ ಬರಂಗಿಲ್ಲ, ನೇಗಿಲಿಗೂ ಬರಂಗಿಲ್ಲ, ಇದನ್ನ ಯಾಕ ಸಾಕ್ತಿ ಅಂತ ಒಂದಿನ ಕೇಳ್ಲಿಲ್ಲ. ಈಗ ನಾ ಹ್ಯಾಂಗ ನಿನ್ನ ಕೇಳ್ಲಿ? ಈ ಜೀಪು ಕೊಡಬ್ಯಾಡ, ಇದು ನನ್ನ ಎತ್ತು. ಕೆಂಪಂದು ತಗೋ, ಅದು ನಿನ್ನ ಹೋರಿ."

ಎಲ್ಲಿ ಕಟ್ಟಲಿ ಅದನ್ನು ಎಂದು ಕೇಳಿದೆ.

"ಕೊಟ್ಟಿಗಿ ಖಾಲಿ ಐತಲ್ಲ," ಅಂದರು ಅಪ್ಪ.

ಜೀಪನ್ನು ಬದಿಗೆ ನಿಲ್ಲಿಸಿ ಅತ್ತೆ. ಅವ್ವ ಸತ್ತಾಗಲೂ ನಾಲ್ಕು ಜನರ ಎದುರು ಅಳದವಳು ನಾನು. ಅಪ್ಪ ಹೆಗಲ ಮೇಲಿನ ಟವಲು ತೆಗೆದು ಕೊಟ್ಟರು. ಅವ್ವನಿಗೂ ಅಪ್ಪನಿಗೂ ಒಟ್ಟಿಗೇ ಕೈ ಮುಗಿಯಬೇಕು ಅನ್ನಿಸಿತು. ಮುಗಿಯಲಿಲ್ಲ, ಮೂಗು ಒರೆಸಿಕೊಂಡು ಗೇರು ಹಾಕಿದೆ.

ಕಾರು ಮನೆಗೆ ಬಂದದ್ದು ದೀಪಾವಳಿಯ ಮರುವಾರ. ಅಷ್ಟರಲ್ಲಿ ಅಪ್ಪ ತಾವೇ ನಿಂತು ಕೊಟ್ಟಿಗೆ ಗುಡಿಸಿ ಸುಣ್ಣ ಹೊಡೆಸಿದ್ದರು. ಹೋರಿಯ ಹಳೇ ಹಗ್ಗಕ್ಕೆ ಹೊಸ ಕೊಬ್ಬರಿ ಪೋಣಿಸಿ, ನಾನು ಕಾರು ತಂದು ನಿಲ್ಲಿಸಿದ್ದ ಊರ ಹೊರಗಿನ ಪೆಟ್ರೋಲ್ ಬಂಕಿಗೆ ನನ್ನ ಗಂಡನ ಕೈಯಲ್ಲಿ ಕಳಿಸಿದ್ದರು. ಅವರು ಅದನ್ನು ಬಾನೆಟ್ಟಿನ ಮೇಲೆ ಕಟ್ಟಿದರು. ಬೇರೆ ಊರಲ್ಲಾದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ನಮ್ಮ ಊರಲ್ಲಿ, ಅದೂ ಹಬ್ಬದ ಕಾವು ಆರದ ವಾರದಲ್ಲಿ, ಕೊಬ್ಬರಿ ಹಾರ ಕಟ್ಟಿಕೊಂಡು ಗುಟುರು ಹಾಕುತ್ತ ಬರುವುದನ್ನು ಕಂಡು ಹುಡುಗರು ಸುಮ್ಮನಿರುತ್ತಾರೆಯೇ? ನಮ್ಮ ಓಣಿಯ ತಿರುವಿನಲ್ಲೇ ಹೋ ಎಂದು ಕೂಗುತ್ತ ಮುಗಿಬಿದ್ದರು. ನನ್ನ ಕಾಲಡಿ ಅಷ್ಟೂ ಕುದುರೆಗಳ ಬಲ. ಏನು ಮಾಡುವುದು, ಎದುರಿಗೆ ಜನ. ನಡೆಯುವವರಿಗಿಂತ ನಿಧಾನಕ್ಕೆ, ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಬಂದೆ. ಒಂದು ಚೂರು ಕೊಬ್ಬರಿ ಬಿಡಲಿಲ್ಲ, ಹಗ್ಗವನ್ನೂ ಒಯ್ದರು.

ಓಟದ ಕೊನೆಯಲ್ಲಿ ಹೋರಿ ಹಿಡಿಯಲು ಯಜಮಾನ ಕಾಯುತ್ತ ನಿಲ್ಲುವುದು ವಾಡಿಕೆ. ಓಣಿಯ ಆ ತುದಿಯಲ್ಲಿ ಅಪ್ಪ ಕುರ್ಚಿ ಹಾಕಿಕೊಂಡು ಕೂತಿದ್ದರು. ಹಿಂದೆ ಒಂದು ವರ್ಷ ಬೆದರಿದ ಹೋರಿ ಕಾಡಿನ ಕಡೆ ಓಡಿಹೋದಾಗ, ಅದು ತಿರುಗಿ ಬರುವವರೆಗೆ ಇಡೀ ದಿನ ಅಪ್ಪ ಹೀಗೇ ಕಾದಿದ್ದರು. ನಾನು ಇಳಿದು, ಎಲ್ಲ ಹರಕೊಂಡು ಹೋದರು ಅಪ್ಪ, ಮೊದಲ ಓಟದಲ್ಲೇ ನಿನ್ನ ಮರ್ಯಾದೆ ಕಳೆದೆ ಅಂದೆ.

ಅಪ್ಪ ಕೋಲೂರಿ ಎದ್ದು, ಇನ್ನೂ ಬಿಸಿಯಿದ್ದ ಬಾನೆಟ್ಟಿನ ಮೇಲೆ ಅಂಗೈ ಇಟ್ಟರು.

"ಕೊಬ್ಬರಿ ಹೋದ್ರ ಹೋತು," ಅಂದರು. "ಹೋರಿ ಮನಿಗೆ ಬಂತಲ್ಲ."