ಮಂಜುಗಡ್ಡೆ ಬೇಡದ ಪೊಟ್ಟಣ

ಲಸಿಕೆ ಸೊಪ್ಪಿನ ಗಾಜುಮನೆ ನೋಡಿಕೊಳ್ಳುವವರನ್ನು ಎಲ್ಲರೂ ಸೊಪ್ಪಿನಜ್ಜ ಎನ್ನುತ್ತಾರೆ. ತಿಂದವರಿಗೆ ರೋಗ ತಡೆಯುವ ಶಕ್ತಿ ಬರಲೆಂದು ವಂಶವಾಹಿ ತಿದ್ದಿ ಬೆಳೆಸಿದ ಆ ಗಿಡಗಳ ಪರಾಗ ಹೊರಗೆ ಹೋಗಬಾರದು. ಆದ್ದರಿಂದ ಬೆಳಗಾದರೆ ಮೊಗ್ಗುಗಳನ್ನೆಲ್ಲ ಚಿವುಟಿ ಆವಿಯಲ್ಲಿ ಬೇಯಿಸುವುದೇ ಅಜ್ಜನ ಮೊದಲ ಕೆಲಸ. ಹೊರಡುವಾಗ ಪ್ಯಾಂಟಿನ ಮಡಿಕೆ ಕೊಡವಿ, ಕಿವಿಯನ್ನೂ ಒರೆಸಿಕೊಳ್ಳುತ್ತಾರೆ. "ಊರ ಗಂಡಸರು ಹೂ ತರ್ತಾರೆ, ನಮ್ಮವರು ಮೊಗ್ಗಲ್ಲೇ ಬೇಯಿಸ್ತಾರೆ" ಎಂದು ಹೆಂಡತಿ ಛೇಡಿಸಿದರೆ, "ನಾನು ತಂದ್ರೆ ಬೀದಿ ದನಕ್ಕೆಲ್ಲ ಲಸಿಕೆ ಆಗುತ್ತೆ ಕಣೇ" ಎನ್ನುತ್ತಾರೆ. ತಂಪಿಲ್ಲದೆ ಲಸಿಕೆ ಉಳಿಯುತ್ತದೆಯೇ ಎಂದು ನೋಡಲು ಕಿಟಕಿಯ ಬಳಿ ಇಟ್ಟ ಒಣಸೊಪ್ಪಿನ ಪುಡಿಯ ಪೊಟ್ಟಣವನ್ನಂತೂ ದಿನಕ್ಕೆ ಹತ್ತು ಸಲ "ಏನಪ್ಪಾ, ಸೆಖೆನಾ?" ಎಂದು ವಿಚಾರಿಸುತ್ತಾರೆ. ಮೊದಲು ಅವರು ಲಸಿಕೆಯ ಪೆಟ್ಟಿಗೆ ಹೊತ್ತು ಹಳ್ಳಿ ತಿರುಗುತ್ತಿದ್ದವರು; ಒಮ್ಮೆ ದಾರಿಯಲ್ಲೇ ಮಂಜುಗಡ್ಡೆ ಕರಗಿ ಲಸಿಕೆ ಕೆಟ್ಟು, ಕೂಸುಗಳನ್ನೆತ್ತಿಕೊಂಡು ಕಾದಿದ್ದ ತಾಯಂದಿರನ್ನು ಹಾಗೇ ಹಿಂದಕ್ಕೆ ಕಳಿಸಬೇಕಾಗಿತ್ತು. ನಿನ್ನೆ ಪ್ರಯೋಗಾಲಯದ ಹುಡುಗಿ ಓಡಿಬಂದು, "ಅಜ್ಜಾ, ಮೂರು ತಿಂಗಳ ಬಿಸಿಲಿಗೂ ಪುಡಿಯ ಶಕ್ತಿ ಕುಂದಿಲ್ಲ!" ಎಂದಳು. ಇಷ್ಟು ವರ್ಷ ಯಾರಿಗೂ ಮುಟ್ಟಗೊಡದೆ ಮನೆಯ ಮೂಲೆಯಲ್ಲಿ ಇಟ್ಟಿದ್ದ ಆ ಹಳೆಯ ಲಸಿಕೆ ಪೆಟ್ಟಿಗೆಯಲ್ಲಿ ಅಜ್ಜ ಇವತ್ತು ಮಧ್ಯಾಹ್ನದ ಬುತ್ತಿ ತಂದಿದ್ದಾರೆ.