ಹಸಿ ತೊಗಲು ಸುತ್ತಿದ ಗಿಟಾರ್

ತಂಗಿ ಶಾಂತಾ, ನಿನ್ನ ಮೊಣಕಾಲು ಹ್ಯಾಂಗದ? ತಮ್ಮಾ ಮಾರುತಿ, ಕೆಮ್ಮು ಕಡಿಮಿ ಆಯ್ತೇನಪಾ?

ಇವತ್ತು ಬೀದರದಾಗ ಅಂಗಡಿಯವ ಒಬ್ಬ ಮುರಿದ ಗಿಟಾರಿನ ಕುತ್ತಿಗಿಗೆ ಅಂಟು ಹಚ್ಚಲಿಕತ್ತಿದ್ದ. ನನಗ ನಮ್ಮೂರು ಭಾತಂಬ್ರಾದಾಗಿನ ಮನಿ ಅಂಗಳ ನೆನಪಾಯ್ತು.

ಮುರಿದ ನೇಗಿಲು ಕಟ್ಟಾಂವ ಊರಿಗೆಲ್ಲಾ ನಮ್ಮಪ್ಪನೇ, ಅಂತ ಸಾಲಿ ಮಾಸ್ತರು ಕುತ್ತಿಗಿ ಮುರಿದ ತಮ್ಮ ಗಿಟಾರೂ ಅವನ ಕೈಗೇ ಕೊಟ್ಟಿದ್ರು. ಅಪ್ಪ ನೇಗಿಲಿಗೆ ಕಟ್ಟಿದಂಗೇ ಹಸಿ ತೊಗಲು ಸುತ್ತಿ ಬಿಸಿಲಿಗಿಟ್ಟ. ಒಣಗಿದ ತೊಗಲು ಜಗ್ಗಿ ಕುತ್ತಿಗಿ ಸೊಟ್ಟಾಯ್ತು.

ಮಾಸ್ತರು ಬಾರಿಸಿದ್ರ ಕುರಿ ಒದರಿದಂಗ ಸಪ್ಪಳ.

"ಶಿವಪ್ಪ, ಇನ್ನ ಇದರಲೆ ಹೊಲಾನೇ ಹೂಡ್ರಿ!" ಅಂದ್ರು. ಕಟ್ಟಿ ಮ್ಯಾಲಿನ ಮಂದಿ ಬಿದ್ದು ಬಿದ್ದು ನಕ್ಕರು. ಅಪ್ಪ ತಲಿ ಎತ್ತಲಿಲ್ಲ. ನಾಚಿಕಿಯಿಂದ ನಾನು ಕಂಬದ ಹಿಂದ ಸರದೆ.

ಮರುದಿನ ಯಾರೋ ನೇಗಿಲು ತಂದ್ರ, "ಬ್ಯಾರೆ ಕಡಿ ಒಯ್ರಿ," ಅಂದ ಅಪ್ಪ.

ಇವತ್ತೂ ನನಗ ಆ ಅಂಗಡಿ ಮುಂದ ನಿಲ್ಲಲಿಕ್ಕೆ ಆಗಲಿಲ್ಲ. ನಿಮಗೂ ನೆನಪದಾ? ಜಲ್ದಿ ಬರೀರಿ.