ಜಕ್ಕಪ್ಪ ಹೇಳುವ ಸಮುದ್ರ
ಸಾವಳಗಿಯಲ್ಲಿ ಟ್ರ್ಯಾಕ್ಟರ್ ಬಿಡಿಭಾಗ ಮಾರುವ ಜಕ್ಕಪ್ಪ ಸಮುದ್ರ ಕಂಡವನಲ್ಲ. ಆದರೆ ಮಗಳು ಶೈಲಾ ಕಾರವಾರದಲ್ಲಿ ಕಡಲ ಚಿಪ್ಪುಜೀವಿಗಳ ಸಂಶೋಧನೆಗೆ ಸೇರಿದಂದಿನಿಂದ, ಅವನ ಅಂಗಡಿಗೆ ಬಂದವರು ಸಮುದ್ರದ ಪಾಠ ಕೇಳದೆ ಹೋಗುವಂತಿಲ್ಲ. ಅಗಲವಾದ ಪರಾತಕ್ಕೆ ಒಂದು ಬದಿಯಿಂದ ಬಿಸಿನೀರು, ಇನ್ನೊಂದು ಬದಿಯಿಂದ ತಣ್ಣೀರು ಸುರಿದು, ನಡುವೆ ಚಿಟಿಕೆ ತೌಡು ಉದುರಿಸುತ್ತಾನೆ. "ನೋಡ್ರಿ, ಈ ತೌಡು ಅಂದ್ರ ಸಿಂಪಿಮರಿ, ಚಿಪ್ಪಿನ ಜೀವದ ಕೂಸು. ಇವಕ್ಕ ದೂರ ಈಜಾಕ ಬರೂದಿಲ್ಲ, ನೀರು ಒಯ್ದಲ್ಲಿ ಹೊಕ್ಕಾವು. ಬಿಸಿನೀರು ತಣ್ಣೀರು ಕೂಡೂ ಗೆರಿಮ್ಯಾಲ ಕೂಳೂ ಕೂಡತೈತಿ, ಮರೀನೂ ಕೂಡತಾವು. ಅಲ್ಲೇ ತಳಕ್ಕ ಇಳದು ಸಂಸಾರ ಹೂಡತಾವು." "ಕಾಕಾ, ಕಬ್ಬಿನ ಟ್ರ್ಯಾಲಿ ರಸ್ತೇದಾಗ ನಿಂತೈತಿ, ಬೇರಿಂಗ್ ಕೊಡ್ರೀ" ಎಂದು ಗಿರಾಕಿ ಗೋಗರೆದರೆ, "ತಡಿಯಪಾ, ಮರಿ ಇನ್ನ ಇಳಿದಿಲ್ಲ" ಎನ್ನುತ್ತಾನೆ. ತೌಡು ಗೆರೆ ಬಿಟ್ಟು ಪರಾತದ ಅಂಚಿಗೆ ಅಂಟಿಕೊಂಡರೆ ಫ್ಯಾನಿನ ಗಾಳಿಯನ್ನು ಬೈದು ಮತ್ತೆ ನೀರು ಕಾಯಿಸುತ್ತಾನೆ. "ಮೇವ ಇದ್ದಲ್ಲೆ ಕುರಿ ನಿಂದರತಾವು. ಇದನ್ನ ಕಲಿಯಾಕ ಕಾರವಾರಕ್ಕ ಹೋಗಬೇಕೇನೊ?" ಎಂದು, ಕುರಿ ಕಾಯ್ದೇ ಮುಪ್ಪಾದ ತಾಯಿ ಯಲ್ಲಕ್ಕ ಚುಚ್ಚಿದರೂ ಪಾಠ ನಿಲ್ಲುವುದಿಲ್ಲ. ಶೈಲಾ ಮರಿಗಳನ್ನು ಹುಡುಕಿ ದೋಣಿಯಲ್ಲಿ ಕಡಲಿಗೆ ಹೋಗುವ ದಿನ ಮಾತ್ರ ಅದು ನಿಲ್ಲುತ್ತದೆ. ಅವತ್ತು ಪರಾತ ಹೊರಗೆ ಬರುವುದಿಲ್ಲ, ಗಿರಾಕಿ ಕೇಳಿದ್ದನ್ನು ತಟ್ಟನೆ ಕೊಟ್ಟು ಕಳಿಸುತ್ತಾನೆ. "ಯಾಕ ಕಾಕಾ, ಇವತ್ತ ಸಮುದ್ರ ಬತ್ತೇತೇನ್ರಿ?" ಎಂದು ಯಾರು ಕೆಣಕಿದರೂ ಮೊಬೈಲನ್ನು ಜೇಬಿನಿಂದ ತೆಗೆದು ನೋಡುತ್ತಾನೆ, ಮತ್ತೆ ಇಡುತ್ತಾನೆ. ಸಂಜೆ ಮಗಳ ಫೋನು ಬರುತ್ತದೆ. ನೀರಿನ ಗೆರೆ ಇವತ್ತು ಎಲ್ಲಿತ್ತು, ಮರಿಗಳು ಎಷ್ಟು ಸಿಕ್ಕವು ಎಂದು ಅವಳು ಒಂದೇ ಉಸಿರಿಗೆ ಹೇಳತೊಡಗುತ್ತಾಳೆ. ಜಕ್ಕಪ್ಪ ನಡುವೆಯೇ ತಡೆಯುತ್ತಾನೆ: "ಅದಿರ್ಲಿ ಬೇ. ನೀ ದಂಡಿಗೆ ಬಂದಿ ಇಲ್ಲೊ, ಅಷ್ಟ ಹೇಳು."